ನಾಲ್ಕೇ ಸೀಟು, ಆದರೂ ಸರ್ಕಾರದ ಭವಿಷ್ಯ ಅವರ ಕೈಯಲ್ಲಿ: ಪುಟ್ಟ ಸ್ವಯಂಆಡಳಿತ ಪ್ರದೇಶಗಳಿಗೆ ದೇಶದ ಸಂಸತ್ತಿನಲ್ಲಿ ಬಲ ಬರುವುದು ಹೇಗೆ?

2025ರ ಜನವರಿಯಿಂದ ಗ್ರೀನ್‌ಲ್ಯಾಂಡ್ ಹೆಸರು ಸುದ್ದಿಯಲ್ಲಿ ಮತ್ತೆ ಮತ್ತೆ ಬರುತ್ತಿದೆ. ಆ ದ್ವೀಪ ಅಮೆರಿಕಕ್ಕೆ ಬೇಕು ಎಂದು ಡೊನಾಲ್ಡ್ ಟ್ರಂಪ್ ಪಟ್ಟು ಹಿಡಿದ ಮೇಲೆ, ಅದು ನಿಜಕ್ಕೂ ಯಾರದ್ದು, ಅಲ್ಲಿ ತೀರ್ಮಾನ ಮಾಡುವವರು ಯಾರು ಎಂದು ಬಹಳ ಜನ ಕೇಳತೊಡಗಿದರು. ಗ್ರೀನ್‌ಲ್ಯಾಂಡ್‌ಗೆ ತನ್ನದೇ ಸಂಸತ್ತು ಇದೆ, ತನ್ನದೇ ಪ್ರಧಾನಿ ಇದ್ದಾರೆ. ಜೊತೆಗೆ ಅದು ಡೆನ್ಮಾರ್ಕ್ ರಾಜಪ್ರಭುತ್ವದ ಭಾಗ. ಅಲ್ಲಿಂದ ಇಬ್ಬರು ಆಯ್ಕೆಯಾಗಿ ಕೋಪನ್‌ಹೇಗನ್‌ನಲ್ಲಿರುವ ಡೆನ್ಮಾರ್ಕ್ ಸಂಸತ್ತಿಗೂ ಹೋಗುತ್ತಾರೆ. ಉತ್ತರ ಅಟ್ಲಾಂಟಿಕ್‌ನಲ್ಲೇ ಇರುವ, ಅದೇ ರಾಜಪ್ರಭುತ್ವಕ್ಕೆ ಸೇರಿದ ಫೆರೋ ದ್ವೀಪಗಳಿಂದ ಇನ್ನಿಬ್ಬರು. ಒಟ್ಟು 179 ಜನರ ಸಭೆಯಲ್ಲಿ ನಾಲ್ಕು ಜನ.

ನಾಲ್ಕು ಜನ ಏನು ಮಾಡೋಕೆ ಸಾಧ್ಯ, ಸುಮ್ನೆ ಕೂತು ಬರುತ್ತಾರೆ ಅನಿಸುತ್ತದೆ ಅಲ್ವಾ? ಆದರೆ ಡೆನ್ಮಾರ್ಕಿನಲ್ಲಿ ಪ್ರಧಾನಿ ಯಾರಾಗಬೇಕು ಎನ್ನುವುದು ಈ ನಾಲ್ಕು ಸೀಟುಗಳ ಮೇಲೆ ನಿಂತ ಸಂದರ್ಭಗಳಿವೆ. ಅದು ಹೇಗೆ ಆಗುತ್ತದೆ, ಯಾವಾಗ ಆಗುವುದಿಲ್ಲ ಎಂದು ಬುಡದಿಂದ ನೋಡೋಣ.

## ತಮ್ಮದೇ ಸಂಸತ್ತು ಇರುವಾಗ ಅಲ್ಲಿಗೆ ಯಾಕೆ ಹೋಗಬೇಕು?

ಸ್ವಯಂಆಡಳಿತ ಪ್ರದೇಶ ಎಂದರೆ ಸ್ವತಂತ್ರ ದೇಶ ಅಲ್ಲ. ಹಾಗಂತ ಸಾಮಾನ್ಯ ಜಿಲ್ಲೆಯೋ ಪ್ರಾಂತವೋ ಕೂಡ ಅಲ್ಲ. ಕೆಲವು ವಿಷಯಗಳಲ್ಲಿ ಅದು ತಾನೇ ಕಾನೂನು ಮಾಡುತ್ತದೆ. ಉಳಿದ ವಿಷಯಗಳಲ್ಲಿ ದೊಡ್ಡ ದೇಶದ ಸಂಸತ್ತು ಹೇಳಿದ್ದೇ ಕಾನೂನು.

ಫೆರೋ ದ್ವೀಪಗಳಿಗೆ ಈ ಹಕ್ಕು 1948ರಲ್ಲೇ ಸಿಕ್ಕಿತು. ಗ್ರೀನ್‌ಲ್ಯಾಂಡ್‌ಗೆ ಸಿಕ್ಕಿದ್ದು 1979ರಲ್ಲಿ, ಅದನ್ನು ಇನ್ನಷ್ಟು ಹಿಗ್ಗಿಸಿದ ಕಾನೂನು ಬಂದದ್ದು 2009ರಲ್ಲಿ. ಈಗ ಶಾಲೆ, ಆಸ್ಪತ್ರೆ, ಮೀನುಗಾರಿಕೆ, ತೆರಿಗೆ ಇವೆಲ್ಲ ಅಲ್ಲಿನವರ ಕೈಯಲ್ಲೇ ಇವೆ. ಸಂವಿಧಾನ, ಪೌರತ್ವ, ಸುಪ್ರೀಂ ಕೋರ್ಟ್, ವಿದೇಶಾಂಗ ನೀತಿ, ರಕ್ಷಣೆ, ಹಣಕಾಸು ವ್ಯವಸ್ಥೆಯ ನೀತಿ ಇವು ಕೋಪನ್‌ಹೇಗನ್‌ನಲ್ಲಿ ಉಳಿದಿವೆ.

ಕೋಪನ್‌ಹೇಗನ್‌ನಲ್ಲಿ ಉಳಿದಿರುವ ವಿಷಯಗಳನ್ನು ಇನ್ನೊಮ್ಮೆ ನೋಡಿ. ಇವತ್ತು ಗ್ರೀನ್‌ಲ್ಯಾಂಡ್ ಸುದ್ದಿಯಲ್ಲಿರುವುದಕ್ಕೆ ಕಾರಣವೇ ವಿದೇಶಾಂಗ ನೀತಿ ಮತ್ತು ರಕ್ಷಣೆ. ತಮ್ಮ ನೆಲದ ಮೇಲಿನ ಸೇನಾ ನೆಲೆಯ ಬಗ್ಗೆ, ತಮ್ಮ ಸುತ್ತಲಿನ ಸಮುದ್ರದ ಕಾವಲಿನ ಬಗ್ಗೆ ಮಾತು ನಡೆಯುವ ಸಭೆ ಬೇರೆ ಕಡೆ ಇದ್ದರೆ, ಆ ಸಭೆಯಲ್ಲಿ ತಮ್ಮವರು ಇಲ್ಲದೆ ಹೇಗೆ? ಅದಕ್ಕೇ ಆ ಸೀಟುಗಳು.

ಹಣದ ವಿಷಯವೂ ಇದೆ. ಗ್ರೀನ್‌ಲ್ಯಾಂಡ್‌ಗೆ ಡೆನ್ಮಾರ್ಕಿನಿಂದ ವರ್ಷಕ್ಕೆ ಸುಮಾರು 400 ಕೋಟಿ ಕ್ರೋನ್ ಅನುದಾನ ಬರುತ್ತದೆ. ಅಲ್ಲಿನ ಸರ್ಕಾರದ ಬಜೆಟ್ಟಿನಲ್ಲಿ ಹತ್ತಿರ ಹತ್ತಿರ ಅರ್ಧ ಇದೇ. ಆದರೆ ಈ ಮೊತ್ತಕ್ಕಾಗಿ ಸದಸ್ಯರು ಪ್ರತಿ ವರ್ಷ ಕೈಚಾಚಬೇಕಾಗಿಲ್ಲ, ಲೆಕ್ಕ 2009ರ ಕಾನೂನಿನಲ್ಲೇ ಇದೆ. ಇದು ದೊಡ್ಡ ವಿಷಯ. ಹೊಟ್ಟೆಪಾಡಿಗೆ ಪ್ರತಿ ಬಾರಿ ಚೌಕಾಸಿ ಮಾಡಬೇಕಾದವರು ಬೇರೆ ಏನನ್ನೂ ಗಟ್ಟಿಯಾಗಿ ಕೇಳಲು ಆಗುವುದಿಲ್ಲ.

## ಸೀಟು ಬಂದದ್ದು ಎಲ್ಲಿಂದ?

ಡೆನ್ಮಾರ್ಕಿನ ಈಗಿನ ಸಂವಿಧಾನ ಜಾರಿಗೆ ಬಂದದ್ದು 1953ರ ಜೂನ್ 5ರಂದು. ಸಂಸತ್ತಿನಲ್ಲಿ, ಅಂದರೆ ಫೋಲ್ಕೆಟಿಂಗ್‌ನಲ್ಲಿ, 179 ಜನಕ್ಕಿಂತ ಜಾಸ್ತಿ ಇರಬಾರದು, ಅವರಲ್ಲಿ ಇಬ್ಬರು ಫೆರೋ ದ್ವೀಪಗಳಿಂದ, ಇಬ್ಬರು ಗ್ರೀನ್‌ಲ್ಯಾಂಡ್‌ನಿಂದ ಎಂದು ಅದರಲ್ಲೇ ಬರೆದಿದೆ. ಗ್ರೀನ್‌ಲ್ಯಾಂಡ್ ಅಧಿಕೃತವಾಗಿ ವಸಾಹತು ಆಗಿರುವುದು ನಿಂತದ್ದೂ ಅದೇ ವರ್ಷ.

ಜನಸಂಖ್ಯೆಯ ಲೆಕ್ಕ ಹಾಕಿದರೆ ಇದು ಅಂಥ ವಿಶೇಷ ಔದಾರ್ಯವೇನಲ್ಲ. ಗ್ರೀನ್‌ಲ್ಯಾಂಡ್‌ನಲ್ಲಿ ಇರುವವರು ಸುಮಾರು 57,000, ಫೆರೋದಲ್ಲಿ ಸುಮಾರು 54,000. ಅಂದರೆ 27–28 ಸಾವಿರ ಜನಕ್ಕೆ ಒಂದು ಸೀಟು. ಡೆನ್ಮಾರ್ಕಿನ ಒಳಗೆ ಸುಮಾರು 34,000 ಜನಕ್ಕೆ ಒಂದು. ಸ್ವಲ್ಪ ಜಾಸ್ತಿ ಪ್ರಾತಿನಿಧ್ಯ ಇದೆ, ಅಷ್ಟೆ.

ಅಸಲಿ ವ್ಯತ್ಯಾಸ ಇರುವುದು ಪಕ್ಷಗಳಲ್ಲಿ. ಅಲ್ಲಿ ಸ್ಪರ್ಧಿಸುವುದು ಅಲ್ಲಿನದೇ ಪಕ್ಷಗಳು. ಗೆದ್ದವರಿಗೆ ಟಿಕೆಟ್ ಕೊಟ್ಟದ್ದು ಕೋಪನ್‌ಹೇಗನ್‌ನ ನಾಯಕರಲ್ಲ, ಹಾಗಾಗಿ ಆ ನಾಯಕರು ಕಣ್ಣು ಕೆಂಪಗೆ ಮಾಡಿದರೂ ಇವರು ಹೆದರಬೇಕಾಗಿಲ್ಲ. ಇದೇ ನಾಲ್ಕು ಸೀಟು ದೊಡ್ಡ ಪಕ್ಷಗಳ ಪಾಲಾಗಿದ್ದರೆ, ಗುಂಪಿನಲ್ಲಿ ಗೋವಿಂದ ಎನ್ನುವ ಹಾಗೆ ಪಕ್ಷದ ಸಾಲಿನಲ್ಲಿ ಕೈ ಎತ್ತುವ ಸದಸ್ಯರಾಗಿ ಮುಗಿದುಹೋಗುತ್ತಿದ್ದರು.

## ಒಂದು ಮತ ಐವತ್ತು ಮತಕ್ಕೆ ಸಮ ಆಗುವುದು ಹೇಗೆ?

ಈಗ ಗಣಿತಕ್ಕೆ ಬರೋಣ. 101 ಸದಸ್ಯರ ಒಂದು ಸಭೆ ಇದೆ ಎಂದುಕೊಳ್ಳಿ. ಬಹುಮತಕ್ಕೆ 51 ಬೇಕು. ಒಂದು ಪಕ್ಷಕ್ಕೆ 50, ಇನ್ನೊಂದಕ್ಕೆ 50, ಮೂರನೆಯದಕ್ಕೆ 1. ಇಲ್ಲಿ ಯಾರೂ ಒಬ್ಬರೇ ಗೆಲ್ಲಲಾರರು. ಯಾವ ಇಬ್ಬರು ಸೇರಿದರೂ ಗೆಲ್ಲುತ್ತಾರೆ. ಹಾಗಾಗಿ ಒಂದು ಸೀಟಿನ ಪಕ್ಷಕ್ಕೂ 50 ಸೀಟಿನ ಪಕ್ಷಕ್ಕೂ ಚೌಕಾಸಿಯ ಬಲ ಒಂದೇ. ತಕ್ಕಡಿಯ ಎರಡು ತಟ್ಟೆಗಳೂ ಸಮವಾಗಿ ನಿಂತಾಗ ಒಂದು ಗುಲಗಂಜಿ ಸಾಕು, ಅದು ಯಾವ ಕಡೆ ಬೀಳುತ್ತದೋ ಆ ಕಡೆ ತಟ್ಟೆ ಕೆಳಗೆ ಹೋಗುತ್ತದೆ.

ಈಗ ಅದೇ ಸಭೆಯಲ್ಲಿ ಒಂದು ಪಕ್ಷಕ್ಕೆ 60, ಇನ್ನೊಂದಕ್ಕೆ 40, ಮೂರನೆಯದಕ್ಕೆ ಅದೇ 1. ಪುಟ್ಟ ಪಕ್ಷದ ಸೀಟು ಒಂದೂ ಕಡಿಮೆ ಆಗಿಲ್ಲ, ಆದರೆ ಬಲ ಸೊನ್ನೆ. ಅದರ ಮತ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಪುಟ್ಟ ಪ್ರದೇಶದ ಬಲ ಅದರ ಸೀಟಿನ ಸಂಖ್ಯೆಯಲ್ಲಿ ಇಲ್ಲ, ಉಳಿದವರ ನಡುವಿನ ಅಂತರದಲ್ಲಿ ಇದೆ. ಆ ಅಂತರವನ್ನು ತೀರ್ಮಾನಿಸುವುದು ಸಾವಿರಾರು ಕಿಲೋಮೀಟರ್ ದೂರದ ಬೇರೆ ಮತದಾರರು. ಗ್ರೀನ್‌ಲ್ಯಾಂಡ್‌ನವರು ಎಷ್ಟೇ ಒಗ್ಗಟ್ಟಾಗಿ ಮತ ಹಾಕಿದರೂ ಅದನ್ನು ಬದಲಾಯಿಸಲು ಆಗುವುದಿಲ್ಲ.

ಡೆನ್ಮಾರ್ಕಿನಲ್ಲಿ ಈ ಅಂತರ ಕಿರಿದಾಗುವುದಕ್ಕೆ ಎರಡು ಕಾರಣ ಇವೆ. ಒಂದು, ಅಲ್ಲಿ ಮತದ ಪ್ರಮಾಣಕ್ಕೆ ತಕ್ಕಂತೆ ಸೀಟು ಹಂಚುತ್ತಾರೆ. ದೇಶದಲ್ಲಿ ನೂರಕ್ಕೆ 2 ಮತ ಪಡೆದ ಪಕ್ಷವೂ ಒಳಗೆ ಬರುತ್ತದೆ. 2022ರಲ್ಲಿ ಡೆನ್ಮಾರ್ಕಿನ 12 ಪಕ್ಷಗಳು ಗೆದ್ದು ಬಂದವು. ಒಂದು ಶತಮಾನಕ್ಕೂ ಜಾಸ್ತಿ ಕಾಲದಿಂದ ಯಾವ ಪಕ್ಷಕ್ಕೂ ಅಲ್ಲಿ ಒಂಟಿಯಾಗಿ ಬಹುಮತ ಬಂದಿಲ್ಲ. ಎರಡು, ಅಲ್ಲಿ ಸರ್ಕಾರ ರಚಿಸುವಾಗ ವಿಶ್ವಾಸಮತ ಗೆದ್ದು ತೋರಿಸಬೇಕಾಗಿಲ್ಲ. ತನ್ನ ವಿರುದ್ಧ 90 ಜನ ಒಂದಾಗದಿದ್ದರೆ ಸಾಕು. ಹಾಗಾಗಿ ಅಲ್ಪಮತದ ಸರ್ಕಾರಗಳು ಅಲ್ಲಿ ಮಾಮೂಲು, ಮತ್ತು ಆ ಸರ್ಕಾರಗಳು ಪ್ರತಿ ಮಸೂದೆಗೂ ಮತ ಎಣಿಸುತ್ತಲೇ ಇರಬೇಕು. ಎಣಿಸುವವರಿಗೆ ನಾಲ್ಕು ಸೀಟು ಕಣ್ಣಿಗೆ ಬೀಳುತ್ತದೆ.

## 1971: ಸರ್ಕಾರ ಕೂರಿಸಿದ ಮತ

1971ರ ಸೆಪ್ಟೆಂಬರ್ ಚುನಾವಣೆಯ ಫಲಿತಾಂಶ ನೋಡಿ. ಡೆನ್ಮಾರ್ಕಿನ 175 ಸೀಟುಗಳಲ್ಲಿ ಸೋಷಿಯಲ್ ಡೆಮಾಕ್ರಾಟರಿಗೆ 70, ಅವರ ಎಡಕ್ಕಿದ್ದ ಸಮಾಜವಾದಿ ಪಕ್ಷಕ್ಕೆ 17. ಸೇರಿದರೆ 87. ಆಗ ಅಧಿಕಾರದಲ್ಲಿದ್ದ ಮೂರು ಪಕ್ಷಗಳಿಗೆ ಸೇರಿ 88. ಎರಡೂ ಕಡೆ 90 ಮುಟ್ಟಲಿಲ್ಲ. ತೀರ್ಮಾನ ಉತ್ತರ ಅಟ್ಲಾಂಟಿಕ್‌ನ ನಾಲ್ವರ ಹತ್ತಿರ ಹೋಯಿತು.

ಗ್ರೀನ್‌ಲ್ಯಾಂಡ್‌ನಿಂದ ಆಗ ಹೊಸದಾಗಿ ಗೆದ್ದು ಬಂದ ಮೋಸೆಸ್ ಓಲ್ಸೆನ್ ಸೋಷಿಯಲ್ ಡೆಮಾಕ್ರಾಟರ ಪರ ನಿಂತರು. ಯೆನ್ಸ್ ಒಟ್ಟೊ ಕ್ರಾಗ್ ಪ್ರಧಾನಿ ಆದರು. ಗ್ರೀನ್‌ಲ್ಯಾಂಡ್‌ನ ಇನ್ನೊಬ್ಬ ಸದಸ್ಯ ಕ್ನುಡ್ ಹೆರ್ಟ್ಲಿಂಗ್ ಗ್ರೀನ್‌ಲ್ಯಾಂಡ್ ವ್ಯವಹಾರಗಳ ಮಂತ್ರಿ ಆದರು. ಎರಡು ಸೀಟಿನ ಪ್ರದೇಶಕ್ಕೆ ಇದಕ್ಕಿಂತ ದೊಡ್ಡ ಗೆಲುವು ಸಿಗುವುದು ಕಷ್ಟ.

ಆದರೆ ಕತೆ ಇಲ್ಲಿಗೆ ನಿಲ್ಲಲಿಲ್ಲ. ಮುಂದಿನ ವರ್ಷ, 1972ರ ಅಕ್ಟೋಬರ್ 2ರಂದು, ಯುರೋಪಿನ ಆರ್ಥಿಕ ಸಮುದಾಯಕ್ಕೆ (ಇವತ್ತಿನ ಯುರೋಪಿಯನ್ ಒಕ್ಕೂಟದ ಹಿಂದಿನ ರೂಪ) ಸೇರಬೇಕೇ ಎಂದು ಡೆನ್ಮಾರ್ಕಿನಲ್ಲಿ ಜನಮತ ಕೇಳಿದರು. ಗ್ರೀನ್‌ಲ್ಯಾಂಡ್‌ನಲ್ಲಿ ಮತ ಹಾಕಿದ ನೂರಕ್ಕೆ 70 ಮಂದಿ ಬೇಡ ಎಂದರು. ತಮ್ಮ ಸಮುದ್ರದ ಮೀನು ಬೇರೆಯವರ ಪಾಲಾಗುತ್ತದೆ ಎಂಬ ಆತಂಕ ಅವರದು. ಆದರೆ ಡೆನ್ಮಾರ್ಕಿನ ಜನ ಹೌದು ಎಂದರು, ಒಟ್ಟು ಲೆಕ್ಕದಲ್ಲಿ ಅದೇ ಗೆದ್ದಿತು. 1973ರ ಜನವರಿ 1ರಂದು ಗ್ರೀನ್‌ಲ್ಯಾಂಡ್ ಕೂಡ ಒಳಗೆ ಹೋಗಬೇಕಾಯಿತು. ಸರ್ಕಾರವನ್ನೇ ಕೂರಿಸಿದ್ದರು, ಮಂತ್ರಿ ತಮ್ಮವರೇ, ಆದರೂ ತಡೆಯಲು ಆಗಲಿಲ್ಲ.

ಅದೇ ಹೊತ್ತಿಗೆ ಫೆರೋ ದ್ವೀಪಗಳು ಹೊರಗೇ ಉಳಿದವು. ಯಾಕೆ? ಅವರ ಬಳಿಯೂ ಎರಡೇ ಸೀಟು. ಆದರೆ ಅವರಿಗೆ 1948ರಿಂದಲೇ ಸ್ವಯಂಆಡಳಿತ ಇತ್ತು, ಸೇರುವುದೋ ಬಿಡುವುದೋ ಎಂದು ತಾವೇ ತೀರ್ಮಾನಿಸುವ ಅವಕಾಶ ಸಿಕ್ಕಿತು. ಗ್ರೀನ್‌ಲ್ಯಾಂಡ್‌ನವರು ಈ ವ್ಯತ್ಯಾಸವನ್ನು ಮರೆಯಲಿಲ್ಲ. ಸ್ವಯಂಆಡಳಿತದ ಬೇಡಿಕೆ ಜೋರಾಯಿತು, 1979ರಲ್ಲಿ ಅದು ಸಿಕ್ಕಿತು, 1982ರಲ್ಲಿ ತಮ್ಮದೇ ಜನಮತ ನಡೆಸಿದರು, 1985ರ ಫೆಬ್ರುವರಿ 1ರಂದು ಸಮುದಾಯದಿಂದ ಹೊರಗೆ ಬಂದರು.

ಈ ವಿಷಯದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ ಹದಿನಾಲ್ಕು ವರ್ಷ. ಸಂಸತ್ತಿನಲ್ಲಿ ನಿರ್ಣಾಯಕ ಮತ ಇರುವುದು ಒಂದು ಶಕ್ತಿ, ತಮ್ಮ ವಿಷಯವನ್ನು ತಾವೇ ತೀರ್ಮಾನಿಸುವ ಹಕ್ಕು ಇನ್ನೊಂದು. ಮೊದಲನೆಯದನ್ನು ಬಳಸಿ ಎರಡನೆಯದನ್ನು ಪಡೆಯಬಹುದು. ಆದರೆ ಮೊದಲನೆಯದು ಎರಡನೆಯದರ ಜಾಗದಲ್ಲಿ ನಿಲ್ಲುವುದಿಲ್ಲ.

## 2011, 2015, 2022: ಅದೇ ಸೀಟು, ಬೇರೆ ಬೇರೆ ಬೆಲೆ

2011ರಲ್ಲಿ ಡೆನ್ಮಾರ್ಕಿನೊಳಗೆ ಎಡ ಬಣಕ್ಕೆ 89, ಬಲ ಬಣಕ್ಕೆ 86. ಎಡ ಬಣಕ್ಕೆ ಒಂದು ಸೀಟು ಕಡಿಮೆ. ನಾಲ್ವರಲ್ಲಿ ಮೂವರು ಅವರ ಕಡೆ ಬಂದರು, 92 ಆಯಿತು, ಹೆಲೆ ಥಾರ್ನಿಂಗ್-ಶ್ಮಿಟ್ ಪ್ರಧಾನಿ ಆದರು. 2015ರಲ್ಲಿ ಬಲ ಬಣಕ್ಕೆ ಡೆನ್ಮಾರ್ಕಿನೊಳಗೇ 90 ಬಂತು. ಆ ಸಲ ಗ್ರೀನ್‌ಲ್ಯಾಂಡ್, ಫೆರೋ ಫಲಿತಾಂಶಕ್ಕೆ ಯಾರೂ ಕಾಯಬೇಕಾಗಲಿಲ್ಲ.

2022ರ ಚುನಾವಣೆಯೇ ಇದನ್ನು ಅರ್ಥ ಮಾಡಿಕೊಳ್ಳಲು ಅತ್ಯುತ್ತಮ ಉದಾಹರಣೆ. ನವೆಂಬರ್ 1ರಂದು ಮತದಾನ. ಫೆರೋ ದ್ವೀಪಗಳಲ್ಲಿ ಮಾತ್ರ ಹಿಂದಿನ ದಿನವೇ ನಡೆಯಿತು, ಏಕೆಂದರೆ ನವೆಂಬರ್ 1 ಅಲ್ಲಿ ಸಮುದ್ರದಲ್ಲಿ ಜೀವ ಕಳೆದುಕೊಂಡವರನ್ನು ನೆನೆಯುವ ದಿನ. ಎಣಿಕೆ ಮುಗಿದಾಗ ಡೆನ್ಮಾರ್ಕಿನೊಳಗೆ ಎಡ ಬಣಕ್ಕೆ 87. ಫೆರೋದಿಂದ ಒಂದು, ಗ್ರೀನ್‌ಲ್ಯಾಂಡ್‌ನಿಂದ ಎರಡು ಸೇರಿ ಸರಿಯಾಗಿ 90. ಇದ್ದದ್ದು ಒಂದೇ ಒಂದು ಸೀಟಿನ ಬಹುಮತ. ಮೂವರಲ್ಲಿ ಒಬ್ಬರು ಜಾರಿದರೂ ಮುಗಿಯಿತು.

ಇಂಥ ಹೊತ್ತಿನಲ್ಲಿ ಆ ಮೂವರು ಏನು ಕೇಳಿದರೂ ಸಿಗಬೇಕಿತ್ತು ಅಲ್ವಾ? ಪ್ರಧಾನಿ ಮೆಟ್ಟೆ ಫ್ರೆಡೆರಿಕ್ಸನ್ ಬೇರೆ ದಾರಿ ಹಿಡಿದರು. ಹಳೆಯ ಎದುರಾಳಿ ಪಕ್ಷವಾದ ವೆನ್ಸ್ಟ್ರೆ ಮತ್ತು ಹೊಸ ಪಕ್ಷವಾದ ಮಾಡರೇಟ್ಸ್ ಜೊತೆ ಸೇರಿ ಡಿಸೆಂಬರ್‌ನಲ್ಲಿ ಸರ್ಕಾರ ಮಾಡಿದರು. ನಡುಪಂಥದ ಸರ್ಕಾರ ಬೇಕು ಎಂದು ಅವರು ಚುನಾವಣೆಗೆ ಮುಂಚೆಯೇ ಹೇಳಿದ್ದರು. ಪುಟ್ಟವರ ಬಲಕ್ಕೆ ಇರುವ ಮಿತಿ ಇದು. ಎರಡು ದೊಡ್ಡವರು ಕೈ ಜೋಡಿಸಿದ ಕ್ಷಣ ನಡುವೆ ನಿಂತವರ ಬೆಲೆ ಇಳಿಯುತ್ತದೆ.

ಆದರೆ ಆ ಮೂರು ಪಕ್ಷಗಳ ಸೀಟು ಕೂಡಿಸಿ ನೋಡಿ. 50, 23, 16. ಒಟ್ಟು 89. ಮತ್ತೆ ಒಂದು ಕಡಿಮೆ! ಉತ್ತರ ಅಟ್ಲಾಂಟಿಕ್ ಸದಸ್ಯರ ಬೆಂಬಲದಿಂದಲೇ ಆ ಸರ್ಕಾರಕ್ಕೆ ಬಹುಮತ ಆಯಿತು. ಬಾಗಿಲಲ್ಲಿ ಹೊರಗೆ ಕಳಿಸಿದವರನ್ನು ಕಿಟಕಿಯಿಂದ ಕರೆದ ಹಾಗಾಯಿತು.

## ಮತ ಹಾಕದೆಯೂ ಕೆಲಸ ಆಗುವುದು ಹೇಗೆ?

ಸರ್ಕಾರ ಉರುಳಿಸುವುದು, ಉಳಿಸುವುದು ಅಪರೂಪದ ಸಂದರ್ಭ. ಉಳಿದ ದಿನಗಳಲ್ಲಿ ಈ ಸದಸ್ಯರ ಕೆಲಸ ಸಮಿತಿಗಳಲ್ಲಿ, ಮಂತ್ರಿಗಳಿಗೆ ಕೇಳುವ ಪ್ರಶ್ನೆಗಳಲ್ಲಿ, ಬಜೆಟ್ ಮಾತುಕತೆಯಲ್ಲಿ ನಡೆಯುತ್ತದೆ. ಇಲ್ಲಿ ಬೇಕಾಗುವುದು ವಿಷಯದ ಆಳ ಮತ್ತು ಹಠ.

ಡೆನ್ಮಾರ್ಕಿನಲ್ಲಿ ವಾಸವಿರುವ ಗ್ರೀನ್‌ಲ್ಯಾಂಡ್ ಮೂಲದ ಕುಟುಂಬಗಳ ಪ್ರಶ್ನೆ ಇದಕ್ಕೆ ಒಳ್ಳೆಯ ಉದಾಹರಣೆ. ಮಕ್ಕಳನ್ನು ಬೆಳೆಸುವ ಸಾಮರ್ಥ್ಯ ತಂದೆತಾಯಿಗೆ ಇದೆಯೇ ಎಂದು ಅಳೆಯಲು ಅಲ್ಲಿನ ಅಧಿಕಾರಿಗಳು ಮನೋವೈಜ್ಞಾನಿಕ ಪರೀಕ್ಷೆಗಳನ್ನು ಬಳಸುತ್ತಿದ್ದರು. ಮಗುವನ್ನು ಮನೆಯಿಂದ ಬೇರೆ ಕಡೆ ಕಳಿಸುವ ತೀರ್ಮಾನದಲ್ಲಿ ಅದರ ಫಲಿತಾಂಶಕ್ಕೂ ಪಾತ್ರ ಇರುತ್ತಿತ್ತು. ಆ ಪರೀಕ್ಷೆ ಗ್ರೀನ್‌ಲ್ಯಾಂಡ್‌ನವರ ಭಾಷೆಗೂ ಬದುಕಿನ ರೀತಿಗೂ ಹೊಂದುವುದಿಲ್ಲ, ಹಾಗಾಗಿ ಅನ್ಯಾಯ ಆಗುತ್ತಿದೆ ಎಂದು ಬಹಳ ಜನ ವರ್ಷಗಟ್ಟಲೆ ಹೋರಾಡಿದರು. ಸಂಸತ್ತಿನೊಳಗೆ ಗ್ರೀನ್‌ಲ್ಯಾಂಡ್ ಸದಸ್ಯೆ ಆಯಾ ಕೆಮ್ನಿಟ್ಸ್ ಇದನ್ನು ಬಿಡದೆ ಎತ್ತಿದರು. ಗ್ರೀನ್‌ಲ್ಯಾಂಡ್ ಮೂಲದ ಕುಟುಂಬಗಳ ಮೇಲೆ ಈ ಪರೀಕ್ಷೆ ಬಳಸುವಂತಿಲ್ಲ ಎಂಬ ನಿಯಮ 2025ರ ಮೇ ತಿಂಗಳಿಂದ ಜಾರಿಗೆ ಬಂತು. ಟ್ರಂಪ್ ಮಾತಿನಿಂದಾಗಿ ಗ್ರೀನ್‌ಲ್ಯಾಂಡ್ ಕಡೆ ಎಲ್ಲರ ಕಣ್ಣು ಇದ್ದ ಹೊತ್ತು ಅದು ಎನ್ನುವುದನ್ನೂ ಮರೆಯಬಾರದು. ಬೇಡಿಕೆ ಹಳೆಯದು, ಕಿವಿಗೊಡುವ ಕಾಲ ಆಗ ಬಂತು.

ಇನ್ನೊಂದು ಘಟನೆ 2023ರ ಮೇ ತಿಂಗಳದ್ದು. ಗ್ರೀನ್‌ಲ್ಯಾಂಡ್‌ನ ಆಗಿನ ಇನ್ನೊಬ್ಬ ಸದಸ್ಯೆ ಆಕಿ-ಮಟಿಲ್ಡಾ ಹೋಗ್-ಡಾಮ್ ಚರ್ಚೆಯಲ್ಲಿ ತಮ್ಮ ಭಾಷೆಯಲ್ಲೇ ಮಾತಾಡಿದರು. ಉಳಿದವರು ಡ್ಯಾನಿಶ್‌ನಲ್ಲಿ ಹೇಳಿ ಎಂದು ಕೇಳಿದರೂ ಬದಲಾಯಿಸಲಿಲ್ಲ. ನಂತರ ಸಂಸತ್ತು ಅನುವಾದಕರ ವ್ಯವಸ್ಥೆ ತಂದಿತು. ಒಂದು ಮಸೂದೆಯೂ ಇಲ್ಲ, ಒಂದು ಮತವೂ ಇಲ್ಲ, ಸಭೆಯ ರೂಢಿಯೇ ಬದಲಾಯಿತು.

## ಇದು ನ್ಯಾಯವೇ ಎಂಬ ಪ್ರಶ್ನೆ

ಡೆನ್ಮಾರ್ಕಿನಲ್ಲಿ ಕೆಲವರು ಕೇಳುವ ಪ್ರಶ್ನೆ ಇದು: ಫೆರೋ, ಗ್ರೀನ್‌ಲ್ಯಾಂಡ್ ಜನ ಡೆನ್ಮಾರ್ಕಿಗೆ ತೆರಿಗೆ ಕಟ್ಟುವುದಿಲ್ಲ, ಇಲ್ಲಿನ ಆಸ್ಪತ್ರೆ, ಶಾಲೆಯ ಕಾನೂನು ಅವರಿಗೆ ಅನ್ವಯಿಸುವುದಿಲ್ಲ. ಹಾಗಿದ್ದರೆ ನಮ್ಮ ತೆರಿಗೆ ಎಷ್ಟಿರಬೇಕು ಎಂದು ಅವರು ಯಾಕೆ ಮತ ಹಾಕಬೇಕು?

ಪ್ರಶ್ನೆಯಲ್ಲಿ ಹುರುಳಿದೆ. ಇದಕ್ಕಾಗಿಯೇ ಅಲ್ಲಿಂದ ಬಂದ ಕೆಲವು ಸದಸ್ಯರು ಶುದ್ಧ ಡೆನ್ಮಾರ್ಕಿನ ವಿಷಯಗಳಲ್ಲಿ ಮತ ಹಾಕದೆ ಉಳಿಯುತ್ತಾರೆ. ಆದರೆ ಇನ್ನೊಂದು ಕಡೆಯಿಂದಲೂ ನೋಡಬೇಕು. ಅವರ ರಕ್ಷಣೆ, ವಿದೇಶಾಂಗ ನೀತಿಯ ಬಗ್ಗೆ ಡೆನ್ಮಾರ್ಕಿನ 175 ಜನ ಮತ ಹಾಕುತ್ತಾರೆ. ಪ್ರಧಾನಿ ಎಲ್ಲರಿಗೂ ಒಬ್ಬರೇ. ಯಾವುದು ಒಳಗಿನ ವಿಷಯ, ಯಾವುದು ಎಲ್ಲರಿಗೂ ಸೇರಿದ್ದು ಎಂದು ಗೆರೆ ಎಳೆಯುವುದು ಹೇಳಿದಷ್ಟು ಸುಲಭ ಅಲ್ಲ.

## ಸೀಟೇ ಇಲ್ಲದವರು, ಸೀಟಿದ್ದೂ ಮತ ಇಲ್ಲದವರು

ಎಲ್ಲ ಪ್ರದೇಶಗಳಿಗೂ ಈ ಅವಕಾಶ ಇಲ್ಲ. ಬ್ರಿಟಿಷ್ ದೊರೆಯ ಅಧೀನದಲ್ಲಿರುವ ಐಲ್ ಆಫ್ ಮ್ಯಾನ್, ಜರ್ಸಿ ದ್ವೀಪಗಳಿಗೆ ಲಂಡನ್ ಸಂಸತ್ತಿನಲ್ಲಿ ಒಂದು ಸೀಟೂ ಇಲ್ಲ. ಅಮೆರಿಕದ ಪೋರ್ಟೊ ರಿಕೊದಲ್ಲಿ 30 ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. ಅಲ್ಲಿಂದ ಒಬ್ಬ ಪ್ರತಿನಿಧಿ ವಾಷಿಂಗ್ಟನ್‌ಗೆ ಹೋಗುತ್ತಾರೆ, ಸಮಿತಿಯಲ್ಲಿ ಮತ ಹಾಕಬಹುದು, ಮಸೂದೆ ತರಬಹುದು, ಮಾತಾಡಬಹುದು. ಮಸೂದೆ ಪಾಸಾಗುವ ಕೊನೆಯ ಮತದಾನದಲ್ಲಿ ಮಾತ್ರ ಅವರಿಗೆ ಮತ ಇಲ್ಲ. ಎರಡು ಪಕ್ಷಗಳ ಅಂತರ ಎಷ್ಟೇ ಕಿರಿದಾದರೂ ಅವರ ಹತ್ತಿರ ಯಾರೂ ಬಹುಮತಕ್ಕಾಗಿ ಬರುವುದಿಲ್ಲ. 57,000 ಜನರ ಗ್ರೀನ್‌ಲ್ಯಾಂಡ್‌ಗೆ ಇರುವ ಶಕ್ತಿ ಇಷ್ಟು ದೊಡ್ಡ ಪೋರ್ಟೊ ರಿಕೊಗೆ ಇಲ್ಲ.

## ಒಂದೇ ಸೀಟಿನ ಓಲಂಡ್

ಫಿನ್‌ಲ್ಯಾಂಡ್‌ಗೆ ಸೇರಿದ ಓಲಂಡ್ ದ್ವೀಪಗಳಲ್ಲಿ ಸುಮಾರು 30,000 ಜನ, ಸ್ವೀಡಿಷ್ ಭಾಷೆಯವರು. ಫಿನ್‌ಲ್ಯಾಂಡ್ ಸಂಸತ್ತಿನ 200 ಸೀಟುಗಳಲ್ಲಿ ಅವರದ್ದು ಒಂದೇ. ಅಲ್ಲಿಂದ ಗೆದ್ದವರು ಸಾಮಾನ್ಯವಾಗಿ ಮುಖ್ಯ ಭೂಭಾಗದ ಸ್ವೀಡಿಷ್ ಪೀಪಲ್ಸ್ ಪಾರ್ಟಿಯ ಗುಂಪಿನ ಜೊತೆ ಕೂರುತ್ತಾರೆ. ಒಂದು ಸೀಟಿನಿಂದ ಸರ್ಕಾರ ಅಲುಗಾಡುವುದು ಅಪರೂಪ.

ಆದರೂ ಓಲಂಡ್ ಬಲಹೀನ ಅಲ್ಲ. ಅದರ ಸ್ವಯಂಆಡಳಿತ ಕಾನೂನನ್ನು ಬದಲಾಯಿಸಬೇಕಾದರೆ ಫಿನ್‌ಲ್ಯಾಂಡ್ ಸಂಸತ್ತಿನಲ್ಲಿ ಸಂವಿಧಾನ ತಿದ್ದುಪಡಿಗೆ ಬೇಕಾದಷ್ಟು ಬೆಂಬಲ ಬೇಕು, ಜೊತೆಗೆ ಓಲಂಡ್‌ನ 30 ಸದಸ್ಯರ ಸ್ವಂತ ಸಂಸತ್ತೂ ಒಪ್ಪಬೇಕು. ಅವರು ಬೇಡ ಎಂದರೆ ಮುಗಿಯಿತು. 1995ರಲ್ಲಿ ಫಿನ್‌ಲ್ಯಾಂಡ್ ಯುರೋಪಿಯನ್ ಒಕ್ಕೂಟಕ್ಕೆ ಸೇರುವಾಗ ಓಲಂಡ್‌ನ ಒಪ್ಪಿಗೆ ಬೇರೆಯಾಗಿ ಕೇಳಬೇಕಾಯಿತು. ತೆರಿಗೆಯಲ್ಲಿ ವಿನಾಯಿತಿ ಪಡೆದೇ ಅದು ಒಳಗೆ ಬಂತು. ಓಲಂಡ್ ಮುಟ್ಟಿ ಹೋಗುವ ಹಡಗುಗಳಲ್ಲಿ ಇವತ್ತಿಗೂ ತೆರಿಗೆ ಇಲ್ಲದ ಸಾಮಾನು ಮಾರಾಟ ನಡೆಯುವುದು ಅದರಿಂದಲೇ.

ಎರಡು ದೇಶಗಳ ಸಂವಿಧಾನಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಎದ್ದು ಕಾಣುತ್ತದೆ. ಓಲಂಡ್‌ಗೆ ಸ್ವಯಂಆಡಳಿತ ಇದೆ ಎಂಬುದು ಫಿನ್‌ಲ್ಯಾಂಡ್ ಸಂವಿಧಾನದಲ್ಲೇ ಬರೆದಿದೆ. ಡೆನ್ಮಾರ್ಕ್ ಸಂವಿಧಾನದಲ್ಲಿ ಇರುವುದು ಆ ನಾಲ್ಕು ಸೀಟುಗಳು, ಸ್ವಯಂಆಡಳಿತ ಅಲ್ಲ. ಅದು ಬೇರೆ ಕಾನೂನುಗಳಲ್ಲಿದೆ. ಸೀಟು ತೆಗೆಯಬೇಕಾದರೆ ಸಂವಿಧಾನ ತಿದ್ದಬೇಕು, ಅದಕ್ಕೆ ಚುನಾವಣೆಗೆ ಮುಂಚಿನ ಸಂಸತ್ತು, ಚುನಾವಣೆಯ ನಂತರದ ಸಂಸತ್ತು ಎರಡೂ ಒಪ್ಪಬೇಕು, ಆಮೇಲೆ ಜನಮತದಲ್ಲಿ ಗೆಲ್ಲುವುದರ ಜೊತೆಗೆ ಒಟ್ಟು ಮತದಾರರಲ್ಲಿ ನೂರಕ್ಕೆ 40 ಮಂದಿಯಾದರೂ ಹೌದು ಎನ್ನಬೇಕು. 1953ರಿಂದ ಈಚೆಗೆ ಆ ಸಂವಿಧಾನ ಒಮ್ಮೆಯೂ ತಿದ್ದುಪಡಿ ಆಗಿಲ್ಲ.